ಮೆಚ್ಚುಗೆ ಬರುವಷ್ಟರಲ್ಲಿ ಅಟ್ಟೆ ಪುಡಿ

ಹೊಸ ಬ್ಯಾಸ್ಕೆಟ್‌ಬಾಲ್ ಶೂ ಬಂದಾಗ ಅದನ್ನು ಬೈಯಲು ಕಾಲು ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಮೊದಲ ಫೋಟೊ ಹೊರಬಿದ್ದ ಗಂಟೆಯೊಳಗೆ ತೀರ್ಪು ಸಿದ್ಧ: ಇದು ಇಸ್ತ್ರಿಪೆಟ್ಟಿಗೆ, ಇದು ದೋಣಿ, ಇದು ಆಸ್ಪತ್ರೆ ಚಪ್ಪಲಿ. ಹತ್ತು ಹದಿನೈದು ವರ್ಷ ಕಳೆಯಲಿ, ಅದೇ ಶೂಗಾಗಿ ಅದೇ ಜನ ಬೆಳಕು ಹರಿಯುವ ಮುಂಚೆ ಸಾಲಿನಲ್ಲಿ ನಿಂತಿರುತ್ತಾರೆ. ಮನಸ್ಸು ಬದಲಾಗುವುದು ದೊಡ್ಡ ಸಂಗತಿಯಲ್ಲ, ಎಲ್ಲದರಲ್ಲೂ ಆಗುತ್ತದೆ. ಇಲ್ಲಿನ ತಮಾಷೆ ಇರುವುದು ಕಾಲದ ಲೆಕ್ಕದಲ್ಲಿ. ವಿಚಿತ್ರವಾದ ಒಂದು ವಿನ್ಯಾಸಕ್ಕೆ ಅಭಿಮಾನಿಯ ಕಣ್ಣು ಒಗ್ಗಲು ಎಷ್ಟು ವರ್ಷ ಬೇಕೋ, ಅದರ ಮಿಡ್‌ಸೋಲಿನಲ್ಲಿ, ಅಂದರೆ ಪಾದಕ್ಕೂ ಅಟ್ಟೆಗೂ ನಡುವಿನ ಮೆತ್ತೆಯಲ್ಲಿ, ಇರುವ ಪಾಲಿಯುರೆಥೇನ್ ಫೋಮ್ ಪುಡಿಯಾಗಲೂ ಹೆಚ್ಚುಕಡಿಮೆ ಅಷ್ಟೇ ವರ್ಷ ಬೇಕು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದವರು ಶೂ ನೋಡಿ ಹೇಳಿರಲಿಕ್ಕಿಲ್ಲ, ಆದರೆ ಹೇಳಬಹುದಿತ್ತು.

ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಹೆಸರಿನಲ್ಲಿ ನೈಕಿ ತಂದ 1985ರ ಏರ್ ಜೋರ್ಡನ್ 1 ಹುಟ್ಟಿದ ದಿನದಿಂದಲೇ ಪೂಜೆ ಮಾಡಿಸಿಕೊಂಡಿತು ಎಂಬುದು ಈಗಿನವರ ನಂಬಿಕೆ. ಪೀಟರ್ ಮೂರ್ ವಿನ್ಯಾಸ ಮಾಡಿದ ಆ ಶೂ 65 ಡಾಲರಿಗೆ ಮಾರಾಟಕ್ಕೆ ಬಂತು, ಮೊದಲ ವರ್ಷ ನಿರೀಕ್ಷೆ ಮೀರಿ ಮಾರಿತು, ಅದೂ ನಿಜವೇ. ಆಮೇಲಿನದನ್ನು ಯಾರೂ ಹೇಳುವುದಿಲ್ಲ. ಕಂಪನಿ ಮಿತಿಮೀರಿ ತಯಾರಿಸಿತು, ಉಳಿದ ಜೋಡಿಗಳು ರಿಯಾಯಿತಿ ಕಪಾಟಿಗೆ ಹೋದವು. ಅಗ್ಗಕ್ಕೆ ಸಿಗುವ, ಚರ್ಮ ಗಟ್ಟಿಯಿರುವ, ಪಾದದ ಗಂಟು ಮುಚ್ಚುವ ಶೂ ಎಂದು ಅದನ್ನು ಎತ್ತಿಕೊಂಡವರು ಸ್ಕೇಟ್‌ಬೋರ್ಡ್ ಹುಡುಗರು. 1994ರಲ್ಲಿ ಮರುಬಿಡುಗಡೆ ಮಾಡಿದಾಗಲೂ ಅದು ಮತ್ತೆ ರಿಯಾಯಿತಿಗೇ ಬಂತು. ಜೋರ್ಡನ್ ಆಗ ನಿವೃತ್ತಿಯಲ್ಲಿದ್ದ. ಒಂಬತ್ತು ವರ್ಷ ಹಳೆಯ ಶೂ ಜನರಿಗೆ ಹಳತಾಗಿ ಕಂಡಿತ್ತೇ ಹೊರತು ಪುರಾತನವಾಗಿ ಕಂಡಿರಲಿಲ್ಲ. ಎರಡರ ನಡುವಿನ ಅಂತರವೇ ಈ ವ್ಯಾಪಾರದ ಬಂಡವಾಳ.

ಆಟ ಚೆನ್ನಾಗಿದ್ದರೆ ಶೂ ಗೆಲ್ಲುತ್ತದೆ ಎನ್ನುವವರು ಜೋರ್ಡನ್ 2ರ ಕಡೆ ನೋಡಬೇಕು. ಇಟಲಿಯಲ್ಲಿ ತಯಾರು, ಬೆಲೆ 100 ಡಾಲರ್, ಪಕ್ಕದಲ್ಲಿ ನೈಕಿಯ ಗುರುತೇ ಇಲ್ಲ. 1986-87ರ ಆ ಋತುವಿನಲ್ಲಿ ಜೋರ್ಡನ್ ಪಂದ್ಯಕ್ಕೆ ಸರಾಸರಿ 37.1 ಅಂಕ ಹೊಡೆದ. ಆದರೂ ಆ ಶೂ ದಶಕಗಟ್ಟಲೆ ಮಲಮಗುವಾಗಿಯೇ ಉಳಿಯಿತು. ಅದರ ಮುಂದಿನ ಋತುವಿನ ಮೂರನೆಯದಕ್ಕೆ ಒದಗಿದ ಭಾಗ್ಯ ಬೇರೆ. 1988ರಲ್ಲಿ, ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ ಡಂಕ್ ಸ್ಪರ್ಧೆಯಲ್ಲಿ, ಜೋರ್ಡನ್ ದೂರದ ಫ್ರೀ ಥ್ರೋ ಗೆರೆಯಿಂದ ಹಾರಿದ ಒಂದೇ ಒಂದು ಚಿತ್ರ ಅದಕ್ಕೆ ಸಾಕಾಯಿತು. ಸರಾಸರಿ ಅಂಕ ಗೋಡೆಗೆ ಅಂಟಿಸಲು ಬರುವುದಿಲ್ಲ, ಚಿತ್ರ ಬರುತ್ತದೆ. ಅದರ ವಿನ್ಯಾಸಕಾರ ಟಿಂಕರ್ ಹ್ಯಾಟ್‌ಫೀಲ್ಡ್ ಹಿಮ್ಮಡಿಯಲ್ಲಿ ಕಿಟಕಿ ಕೊರೆದು ಗಾಳಿಚೀಲ ತೋರಿಸಿದ, ಆನೆಯ ಚರ್ಮದಂಥ ಬಿರುಕು ಚಿತ್ತಾರ ಹಾಕಿದ ಎಂಬುದೆಲ್ಲ ಆಮೇಲಿನ ಮಾತು.

ಒಗ್ಗುವುದು ಎಂದರೇನು ಎಂಬುದಕ್ಕೆ ಫೋಮ್‌ಪಾಸಿಟ್‌ಗಿಂತ ಒಳ್ಳೆಯ ಪಾಠವಿಲ್ಲ. 1997ರಲ್ಲಿ ನೈಕಿಗಾಗಿ ಎರಿಕ್ ಅವಾರ್ ವಿನ್ಯಾಸ ಮಾಡಿದ, ಆಟಗಾರ ಪೆನ್ನಿ ಹಾರ್ಡವೇ ತೊಟ್ಟ ಶೂ. ಮೇಲ್ಭಾಗಕ್ಕೆ ಚರ್ಮದ ತುಂಡು ಕತ್ತರಿಸಿ ಹೊಲಿದದ್ದಲ್ಲ; ದ್ರವರೂಪದ ಫೋಮನ್ನು ಅಚ್ಚಿಗೆ ಸುರಿದು ಒಂದೇ ಚಿಪ್ಪಾಗಿ ತೆಗೆದದ್ದು. ನೋಡಲು ಥೇಟ್ ಜೀರುಂಡೆಯ ಬೆನ್ನು. ಲೋಗೊ ಎಲ್ಲಿ ಎಂದು ಹುಡುಕಿದರೆ ಬೆರಳುಗಳ ಹತ್ತಿರ ಚಿಕ್ಕದೊಂದು ಗುರುತು. 180 ಡಾಲರ್ ಬೆಲೆ ಕೇಳಿಯೇ ಅರ್ಧ ಜನ ಹಿಂದೆ ಸರಿದರು. ಧೈರ್ಯ ಮಾಡಿ ಕೊಂಡವರಿಗೂ ಮೊದಲ ದಿನಗಳಲ್ಲಿ ಕಾಲು ಡಬ್ಬಿಯೊಳಗೆ ಇಟ್ಟಂತೆ. ಆ ಚಿಪ್ಪು ಮೆತ್ತಗಾಗುವುದು ಪಾದದ ಬಿಸಿಗೆ, ಆದ್ದರಿಂದ ಅದನ್ನು ಅಂಗಡಿಯಲ್ಲಿ ಎರಡು ಹೆಜ್ಜೆ ಹಾಕಿ ಅಳೆಯಲು ಹೋದವರು ಬಿಟ್ಟೇ ಬರುತ್ತಾರೆ. ಹೊಲಿಗೆಯಿಲ್ಲದ್ದರಿಂದ ಸವೆದು ಬಿಚ್ಚಿಕೊಳ್ಳುವ ಜಾಗವೂ ಕಡಿಮೆ ಎಂಬ ಗುಣ ಗೊತ್ತಾಗಲು ಆಡಬೇಕು, ತಿಂಗಳುಗಟ್ಟಲೆ ಆಡಬೇಕು. ಹದಿನೈದು ವರ್ಷದ ನಂತರ, 2012ರ ಫೆಬ್ರುವರಿಯಲ್ಲಿ, ಅದೇ ಚಿಪ್ಪಿಗೆ ನಕ್ಷತ್ರಪುಂಜದ ಚಿತ್ರ ಮೆತ್ತಿ, ಕತ್ತಲಲ್ಲಿ ಹೊಳೆಯುವ ಸೋಲ್ ಹಾಕಿ 220 ಡಾಲರಿಗೆ ಬಿಟ್ಟಾಗ ಅಮೆರಿಕದ ಒರ್ಲ್ಯಾಂಡೊದಲ್ಲಿ ಗುಂಪು ಚದುರಿಸಲು ಪೊಲೀಸರು ಬರಬೇಕಾಯಿತು. ಆ ಗುಂಪಿನಲ್ಲಿ ಆಡಲೆಂದು ಕೊಳ್ಳಲು ಬಂದವರು ಬೆರಳೆಣಿಕೆಯಷ್ಟು ಇದ್ದಿರಬೇಕು.

ಎಲ್ಲ ಕೋತಿಮರಿಯೂ ಕಾಲಾಂತರದಲ್ಲಿ ಮುದ್ದಾಗುತ್ತದೆ ಎಂದಲ್ಲ. ಆಡಿ ಟಿಟಿ ಕಾರನ್ನು ನೋಡಿಕೊಂಡು ಅಡಿಡಾಸ್ ಆಟಗಾರ ಕೋಬಿ ಬ್ರ್ಯಾಂಟ್ ಹೆಸರಿನಲ್ಲಿ ಮಾಡಿದ ಮೊದಲ ಶೂಗೆ ಒಂದಷ್ಟು ಅಭಿಮಾನಿಗಳಿದ್ದರು. ಎರಡನೆಯದು ಕಾರು ಬಿಟ್ಟು ಇಟ್ಟಿಗೆಯ ಕಡೆ ಹೊರಳಿತು. ತನ್ನ ಹೆಸರಿನ ಆ ಎರಡನೆಯ ಶೂವನ್ನು ಬ್ರ್ಯಾಂಟ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ 2002ರ ಫೈನಲ್ಸ್‌ನಲ್ಲಿ ಬದಿಗಿಟ್ಟು ಹಳೆಯದನ್ನೇ ತೊಟ್ಟ. ಅದೇ ವರ್ಷ ಕಂಪನಿಯನ್ನೂ ಬಿಟ್ಟ. ಕಾಲ ಎಲ್ಲವನ್ನೂ ಮಾಗಿಸುತ್ತದೆ ಎನ್ನುವುದಕ್ಕೂ ಮಿತಿಯಿದೆ. ಕಾಲಿಗೆ ಒಪ್ಪಿದ್ದು ಕಣ್ಣಿಗೆ ನಿಧಾನವಾಗಿ ಒಪ್ಪುತ್ತದೆ, ಕಾಲೇ ಒಪ್ಪದಿದ್ದರೆ ಕಣ್ಣು ಎಷ್ಟು ದಿನ ವಕಾಲತ್ತು ಮಾಡೀತು? ಅದೇ ಬ್ರ್ಯಾಂಟ್ ಕೆಲವು ವರ್ಷದ ಮೇಲೆ ಫುಟ್‌ಬಾಲ್ ಆಟಗಾರರ ಪಾದ ತೋರಿಸಿ ನನಗೂ ಗಿಡ್ಡ ಶೂ ಬೇಕೆಂದ. ಕಾಲು ಉಳುಕುತ್ತದೆ ಎಂದು ಎಲ್ಲರೂ ಹೆದರಿಸಿದರು. ಈಗ ಅಂಗಳದಲ್ಲಿ ಎತ್ತರದ ಶೂ ಹಾಕಿದವನನ್ನೇ ಹುಡುಕಬೇಕು.

ಇನ್ನು ಫೋಮಿನ ವಿಚಾರ. ಮೆಚ್ಚುಗೆ ತಡವಾಗಿ ಬಂದು, ಹಳೆಯ ಅಸಲಿ ಜೋಡಿ ಬೇಕೇಬೇಕು ಎಂದು ಹಟ ಹಿಡಿದವರು ಸೋಲುವುದು ಇಲ್ಲಿ. ಪಾಲಿಯುರೆಥೇನ್ ಗಾಳಿಯ ತೇವ ಕುಡಿಯುತ್ತದೆ, ತೇವ ಅದರ ಅಣುಸರಪಳಿಯನ್ನು ಒಳಗಿಂದಲೇ ಕತ್ತರಿಸುತ್ತಾ ಹೋಗುತ್ತದೆ. ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟದ್ದೂ ಹೀಗೇ ಸಾಯುತ್ತದೆ. ಹತ್ತು ಹದಿನೈದು ವರ್ಷದ ಜೋಡಿ ಕೈಗೆ ಬಂದರೆ ಮೊದಲು ಹಾಕಿಕೊಳ್ಳಬೇಡಿ. ಒಳಗಿನ ಅಳತೆಯ ಚೀಟಿಯಲ್ಲಿ ತಯಾರಾದ ದಿನಾಂಕ ನೋಡಿ. ಆಮೇಲೆ ಹಿಮ್ಮಡಿಯ ಮೇಲಿನ ಮಿಡ್‌ಸೋಲನ್ನು ಹೆಬ್ಬೆರಳಿನಿಂದ ಒತ್ತಿ. ಒತ್ತಿದ ಕುಳಿ ತುಂಬಿಕೊಂಡರೆ ಜೀವವಿದೆ. ಕುಳಿ ಹಾಗೇ ನಿಂತರೆ, ಬಣ್ಣದಲ್ಲಿ ಜೇಡರ ಬಲೆಯಂಥ ಗೀರು ಮೂಡಿದರೆ, ಉಗುರಿಗೆ ಅಂಟಂಟು ಪುಡಿ ಬಂದರೆ, ಅದು ಇನ್ನು ನೋಡುವ ಶೂ, ನಡೆಯುವ ಶೂ ಅಲ್ಲ. ಹಟ ಬಿಡದೆ ಹೊರಟರೆ ಹಿಂದೆ ತಿರುಗಿ ನೋಡಿದಾಗ ದಾರಿಯುದ್ದಕ್ಕೂ ಅಟ್ಟೆಯ ಚೂರು. ಒಂದು ವಿಚಿತ್ರ ಗಮನಿಸಿ: 1985ರ ಜೋರ್ಡನ್ 1ರ ಅಟ್ಟೆ ಹೊಲಿಗೆ ಹಾಕಿದ ರಬ್ಬರ್ ಬಟ್ಟಲು, ಹಾಗಾಗಿ ಅದು ಇಂದಿಗೂ ತಡೆಯಬಹುದು, ಮೂರು ವರ್ಷ ಕಿರಿಯ ಜೋರ್ಡನ್ 3 ಯಾವತ್ತೋ ಮಣ್ಣಾಗಿರುತ್ತದೆ.

ಉಳಿಸಿಕೊಳ್ಳುವ ದಾರಿ ಅಂಗದಾನ. ಅದೇ ಮಾದರಿಯ, ಅದೇ ಅಳತೆಯ ಹೊಸ ಮರುಬಿಡುಗಡೆ ಜೋಡಿ ಕೊಂಡು, ಅಸಿಟೋನ್ ಹಚ್ಚಿ ಅಂಟು ಸಡಿಲಿಸಿ ಅದರ ಸೋಲ್ ಬಿಚ್ಚಬೇಕು. ಹಳೆಯ ಮೇಲ್ಭಾಗದ ತಳಕ್ಕೂ ಆ ಸೋಲಿಗೂ ಅಂಟು ಸವರಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಬಿಸಿಮಾಡಿ ಒಮ್ಮೆಲೇ ಕೂಡಿಸಬೇಕು. ಹಸಿ ಇರುವಾಗಲೇ ಒತ್ತುವುದು ಎಲ್ಲರೂ ಮಾಡುವ ತಪ್ಪು. ವಾರದೊಳಗೆ ಮೂತಿಯ ಕಡೆ ಬಾಯಿ ಬಿಡುತ್ತದೆ.

ಪಾರದರ್ಶಕ ಸೋಲ್ ಹಳದಿಯಾಗುವುದು ಬೇರೆ ಕಾಯಿಲೆ. ಅದಕ್ಕೆ ಕೂದಲಿಗೆ ಬಣ್ಣ ಹಾಕುವವರು ಬಳಸುವ 12 ಶೇಕಡಾ ಪೆರಾಕ್ಸೈಡ್ ಕ್ರೀಮನ್ನು ಕೈಗವಸು ತೊಟ್ಟು ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಕೆಲವು ಗಂಟೆ ಬಿಸಿಲಲ್ಲಿ ತಿರುಗಿಸುತ್ತಾ ಇಡುತ್ತಾರೆ. ಕ್ರೀಮ್ ಅಲ್ಲಲ್ಲಿ ಒಣಗಿದರೆ ಪಟ್ಟೆ ಬೀಳುತ್ತದೆ, ಮೇಲ್ಭಾಗಕ್ಕೆ ತಾಗಿದರೆ ಬಣ್ಣ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಹಳದಿ ಮತ್ತೆ ಬರುತ್ತದೆ.

ಹೀಗೆ ಒಂದು ಪೀಳಿಗೆ ಹಳದಿ ತೊಳೆಯುತ್ತಾ ಕೂತಿದ್ದಾಗ ನೈಕಿ ಅದನ್ನೇ ಮಾರಲು ಶುರುಮಾಡಿತು. 2022ರ ನವೆಂಬರಿನಲ್ಲಿ ಬಂದ ಜೋರ್ಡನ್ 1ರ ಕುತ್ತಿಗೆಪಟ್ಟಿಗೆ ಬೇಕೆಂದೇ ಬಿರುಕು ಬಿಡಿಸಿದ್ದರು. ಪೆಟ್ಟಿಗೆಗೆ ಹೊಂದದ ಮುಚ್ಚಳ, ಒಳಗೆ ಹಳೆಯ ಕಾಲದ್ದೆನಿಸುವ ನಕಲಿ ರಸೀದಿ. ಮರುವರ್ಷದ ಜೋರ್ಡನ್ 3ಕ್ಕೆ ಕಾರ್ಖಾನೆಯಲ್ಲೇ ಹಳದಿ ಛಾಯೆ ಕೊಟ್ಟರು, ಹಿಮ್ಮಡಿಯ ಮೇಲೆ 1988ರಲ್ಲಿ ಇದ್ದ 'ನೈಕಿ ಏರ್' ಎಂಬ ಅಕ್ಷರಗಳನ್ನೇ ಮರಳಿ ಕೂರಿಸಿದರು. ಈ ಅಕ್ಷರಕ್ಕಾಗಿ ಗೊಣಗುತ್ತಿದ್ದವರೆಲ್ಲ ತೃಪ್ತರಾದರು. ಬಣ್ಣ ಮಾತ್ರ ಮುದಿ, ಕೆಳಗಿನ ಫೋಮ್ ಹೊಸದೇ. ಅದರ ಅಳತೆಯ ಚೀಟಿಯಲ್ಲೂ ತಯಾರಾದ ದಿನಾಂಕವಿದೆ, ಅಲ್ಲಿಂದ ಎಣಿಸಿಕೊಳ್ಳಬಹುದು.