ಟಿಆರ್ ಅಂದ್ರ ಟ್ರಬಲ್ ಅಲ್ರಿ

ನಮ್ಮ ತಮ್ಮಗ ಡೆಂಗಿ ಬಂದು ಹೋಗಿ ಎರಡು ತಿಂಗಳಾತು. ಆವಾಗೇ ಬರಿಬೇಕಂತ ಇದ್ದೆ, ಆವಾಗ ಬರೆದಿದ್ರ ಬರೀ ಬೈಗುಳ ಬರ್ತಿದ್ದವು, ಅದಕ್ಕ ಸುಮ್ಮನಿದ್ದೆ. ಈಗ ಸಿಟ್ಟು ಇಳದದ.

ಆರು ದಿನ ದವಾಖಾನಿದಾಗ ಇದ್ದ, ಪ್ಲೇಟ್ಲೆಟ್ 38 ಸಾವಿರಕ್ಕ ಇಳಿದು ಮತ್ತ ಏರಿದ್ವು, ಮನಿಗಿ ಬಂದ, ಅವ್ವ ನುಚ್ಚಿನ ಗಂಜಿ, ಬಾಜೂ ಮನಿಯಕ್ಕ ಪಪ್ಪಾಯಿ ಎಲಿ ರಸ, ಎಲ್ಲಾ ನಡದಿತ್ತು. ಮೂರನೇ ರಾತ್ರಿ ಎಬ್ಬಿಸಿ ಕೈಯಾಗಿನ ವಾಚ್ ತೋರಿಸ್ದ, "ಅಣ್ಣಾ, ನಾಡಿ 46 ಅಂತ ತೋರಸ್ಲಾಕತ್ತದ". ಇಂವಾ ಕಾನ್ಸ್‌ಟೇಬಲ್ ಭರ್ತಿಗಂತ ದಿನಾ ನಸುಕಿನ್ಯಾಗ ನಮ್ಮ ಕಲಬುರಗಿಯ ಚಂದ್ರಶೇಖರ ಪಾಟೀಲ ಸ್ಟೇಡಿಯಂದಾಗ ಓಡ್ತಿದ್ದ ಹುಡುಗ, 1600 ಮೀಟರ್ ಆರೂವರಿ ನಿಮಿಷದಾಗ ಮುಗಿಸ್ಬೇಕಲ್ಲ, ಅಂಥಾಂವಗ ಮಾಳಗಿ ಮೆಟ್ಟಲ ಏರಿದ್ರ ದಮ್ ಹತ್ತತಿತ್ತು. ನಾನೂ ಹೆದರ್ದೆ ಖರೆ.

ಬೆಳಿಗ್ಗೆ ಎದ್ದು ಹತ್ತಿರದ್ದೊಂದು ಸ್ಕ್ಯಾನ್ ಸೆಂಟರಿಗೆ ಹೋದ್ವಿ. ಹೆಸರು ಬ್ಯಾಡ. ಕೌಂಟರ್ ಮ್ಯಾಲ ಒಂದು ಬೋರ್ಡ್, ಜ್ವರ ಬಂದು ಹೋದವ್ರಿಗೆ ಹಾರ್ಟ್ ಪ್ಯಾಕೇಜ್, ಇಸಿಜಿ, ಎಕೋ, ಟಿಎಂಟಿ, ಕೊಲೆಸ್ಟ್ರಾಲ್ ಎಲ್ಲಾ ಸೇರಿ. ರೊಕ್ಕ ಕಟ್ಟಿದ್ವಿ. ಟಿಎಂಟಿ ಪಾಳಿ ಸಂಜಿ ನಾಕಕ್ಕ ಇತ್ತು, ತಮ್ಮಗ ಹಸಿವಿ ತಡಿಲಿಲ್ಲ, ನಾಳಿ ಬರೋಣ ಅಂತ ಎದ್ದು ಬಂದ್ವಿ. ಆ ಹಸಿವಿಗೆ ಕೈ ಮುಗಿಬೇಕು. ಆಮ್ಯಾಲ ಗೊತ್ತಾತು, ವೈರಸ್‌ಲಿಂದ ಹೃದಯದ ಸ್ನಾಯುಗೆ ಬಾವು ಬಂದಿರಬಹುದು ಅಂತ ಸಂಶಯ ಇದ್ದವರನ್ನ ಓಡಿಸಬಾರದು, ಟಿಎಂಟಿ ಅಂದ್ರ ಬೆಲ್ಟ್ ಮ್ಯಾಲ ಓಡಿಸೋದೇ. ಸಂಶಯ ಇದ್ರ ಅದನ್ನ ಮಾಡಬಾರದು, ಸಂಶಯ ಇಲ್ಲಂದ್ರ ಜ್ವರ ಬಿಟ್ಟ ವಾರಕ್ಕ ಅದರ ಜರೂರೇ ಇಲ್ಲ. ಹಂಗಿದ್ರ ಪ್ಯಾಕೇಜಿನ್ಯಾಗ ಅದನ್ನ ಯಾಕ ಹಾಕ್ಯಾರ ಅಂತ ಯಾರರ ಹೇಳ್ರಿ.

ಎಕೋ, ಅಂದ್ರ ಹೃದಯದ ಸ್ಕ್ಯಾನ್, ಅದರ ರಿಪೋರ್ಟ್ ಬಂತು. ಮನ್ಯಾಗ ಜಾತ್ರಿ. ಎಲ್‌ವಿಇಎಫ್ 60 ಪರ್ಸೆಂಟ್, ಟ್ರಿವಿಯಲ್ ಟಿಆರ್ ಅಂತ ಇತ್ತು. ಅವ್ವ "ನೂರಕ್ಕ ಅರವತ್ತೇ ಏನೋ? ಉಳದ ನಲವತ್ತು ಎಲ್ಲಿ ಹೋತು?" ಅಂತ ಅಳಲಾಕ ಶುರು ಮಾಡಿದ್ಳು. ಅಲ್ಲವ್ವ, ಹೃದಯ ಒಂದು ಸಲ ಹಿಂಡಿದ್ರ ಒಳಗಿನ ರಕ್ತ ಪೂರಾ ಹೊರಗ ಹಾಕಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಾಕ್ತದ, 55ರ ಮ್ಯಾಲ ಇದ್ರ ಛಲೋ, 60 ಅಂದ್ರ ಫಸ್ಟ್ ಕ್ಲಾಸ್, ಇಂವಾ ಪಿಯುಸಿದಾಗೂ ತಗೊಳ್ಳಾರದ ಫಸ್ಟ್ ಕ್ಲಾಸು. ಟಿಆರ್ ಅಂದ್ರ ಮತ್ತ ಟ್ರಬಲ್ ಇರ್ತದ ಅಂತ ಆಳಂದದ ಕಾಕಾ ಫೋನಿನ್ಯಾಗೇ ತೀರ್ಪು ಕೊಟ್ರು. ಟಿಆರ್ ಅಂದ್ರ ಬಲಗಡಿ ಕವಾಟದಿಂದ ರಕ್ತ ಒಂಚೂರು ಹಿಂದ ಸೋರೋದು, ಟ್ರಿವಿಯಲ್ ಅಂದ್ರ ಲೆಕ್ಕಕ್ಕಿಲ್ಲ ಅಂತ ಅರ್ಥ. ಆರಾಮ ಇದ್ದ ಮಂದಿಗೆ ಎಕೋ ಮಾಡಿದ್ರೂ ಭಾಳ ಜನಕ್ಕ ಇದು ಕಾಣ್ತದ. ಆದ್ರ ಇದನ್ನ ಕೌಂಟರ್‌ದಾಗ ಒಬ್ಬರೂ ಹೇಳ್ಲಿಲ್ಲ, ಫೈಲ್ ಕೊಟ್ಟು ಮುಂದಿನ ಹೆಸರು ಕರದ್ರು.

ಕಾಕಾ ಅಷ್ಟಕ್ಕ ಬಿಡ್ಲಿಲ್ಲ. ವಾಟ್ಸಾಪ್‌ದಾಗ ಒಂದು ಫಾರ್ವರ್ಡ್ ಬಂತು, ವೈರಸ್‌ಲಿಂದ ಗುಣ ಆದ 100 ಮಂದಿದಾಗ 78 ಮಂದಿ ಹಾರ್ಟ್ ಖರಾಬ್, ಅದಕ್ಕ ಹೈದರಾಬಾದಿಗೆ ಹೋಗಿ ಹಾರ್ಟ್ ಎಂಆರ್‌ಐ ಮಾಡಸ್ರಿ, ಹೋಗಿ ಬರೋದು ಹಿಡಿದು 30 ಸಾವಿರ ಆಗ್ಬಹುದು, ಹೊಲದ ತೊಗರಿ ರೊಕ್ಕ ಬಂದದಲ್ಲ ಅಂತ ಲೆಕ್ಕಾನೂ ಹಾಕಿಟ್ರು. ಕಾಕಾಗ ಕೈ ಮುಗದು ಆ 78ರ ಬೆನ್ನ ಹತ್ತಿದೆ.

ಆ ಸಂಖ್ಯೆ ಸುಳ್ಳಲ್ರಿ. ಜರ್ಮನಿಯ ಫ್ರಾಂಕ್‌ಫರ್ಟ್‌ದಾಗ ಮಾಡಿದ್ದು, 2020ರ ಜುಲೈದಾಗ ಜಾಮಾ ಕಾರ್ಡಿಯಾಲಜಿ ಪತ್ರಿಕಿದಾಗ ಬಂತು. ಕೊರೊನಾದಿಂದ ಎದ್ದ 100 ಮಂದಿ, ಅದ್ರಾಗ 67 ಮಂದಿ ಮನ್ಯಾಗೇ ಗುಣ ಆದವ್ರು, 78 ಮಂದಿ ಎಂಆರ್‌ಐದಾಗ ಏನರ ಒಂದು ಫರಕ್ ಕಂಡದ. ಫರಕ್ ಕಾಣೋದು ಬ್ಯಾರೆ, ಹಾರ್ಟ್ ಖರಾಬ್ ಆಗೋದು ಬ್ಯಾರೆ. ಮ್ಯಾಲ ಆ ಲೇಖನದ ಲೆಕ್ಕದಾಗ ತಪ್ಪು ಹುಡುಕಿದ್ರು, ಮುಂದಿನ ತಿಂಗಳೇ ಅವರು ತಿದ್ದುಪಡಿ ಹಾಕಿದ್ರು, ಮೂಲ ಮಾತು ಬದಲಾಗಲ್ಲ ಅಂತನೂ ಹೇಳಿದ್ರು. 2021ರಾಗ ಲಂಡನ್‌ದವ್ರು ದವಾಖಾನಿ ಸಿಬ್ಬಂದಿ 149 ಮಂದಿನ ತಗೊಂಡು, ಸಣ್ಣ ಪ್ರಮಾಣದಾಗ ಕೊರೊನಾ ಬಂದು ಆರು ತಿಂಗಳಾದವ್ರು 74, ಬರದೇ ಇದ್ದವ್ರು 75, ಇಬ್ಬರನ್ನೂ ಅದೇ ಮಷಿನಿಗೆ ಹಾಕಿದ್ರು. ಎರಡೂ ಗುಂಪಿನ್ಯಾಗ ಹೆಚ್ಚುಕಮ್ಮಿ ಒಂದೇ. ಅಂದ್ರ ಜ್ವರ ಬರದವ್ರ ಹೃದಯದಾಗೂ ಹುಡುಕಿದ್ರ ಏನರ ಸಿಗ್ತದ. ಆದ್ರ ಈ ಎರಡನೇದು ಕಾಕಾನ ಗ್ರೂಪಿಗೆ ಬರಲೇ ಇಲ್ಲ ನೋಡ್ರಿ, ಇವತ್ತಿಗೂ ಬಂದಿಲ್ಲ.

ನಂಗ ನಿದ್ದಿ ಕೆಡಿಸಿದ್ದು ಮಾತ್ರ ಬ್ಯಾರೆದ್ದು. ಅಮೆರಿಕದ ಬಿಗ್ ಟೆನ್ ಅನ್ನೋ ಆಟದ ಒಕ್ಕೂಟದ ಕಾಲೇಜುಗಳ ಆಟಗಾರರು, ಕೊರೊನಾ ಬಂದು ಹೋದ 1,597 ಮಂದಿಗೆ ಎಂಆರ್‌ಐ ಮಾಡಿದ್ರ 37 ಮಂದಿಗೆ ಸ್ನಾಯು ಬಾವಿನ ಗುರುತು, ಅದ್ರಾಗ 28 ಮಂದಿಗೆ ಎದಿ ನೋವು, ದಮ್ಮು ಅಂಥಾ ತಕ್ರಾರೇ ಇರಲಿಲ್ಲ. ನೂರಕ್ಕ ಎರಡೂ ಚಿಲ್ಲರೆ. ಕಮ್ಮಿನೇ, ಆದ್ರ ನಮ್ಮಾಂವನೂ ಓಡೋ ಹುಡುಗನೇ. ಅವ್ರಿಗೆ ಬಂದಿದ್ದು ಕೊರೊನಾ, ಇವನಿಗೆ ಡೆಂಗಿ, ಒಂದರ ಲೆಕ್ಕ ಇನ್ನೊಂದಕ್ಕ ಹಂಗೇ ಹಚ್ಚಲಾಕ ಬರಲ್ಲ ಅಂತ ಗೊತ್ತದ, ಆದ್ರೂ ಮನಸು ಕೇಳಬೇಕಲ್ಲ.

ಕಡೀಕ ಪರಿಚಯದ ಹಾರ್ಟ್ ಡಾಕ್ಟ್ರ ಕಡಿ ಹೋದ್ವಿ. ಅವ್ರು ಫೈಲ್ ಬಾಜೂಕ ಇಟ್ಟು ತಮ್ಮನ ಮಣಿಕಟ್ಟು ಹಿಡದು, ಗೋಡಿ ಗಡಿಯಾರ ನೋಡ್ಕೋತ ಪೂರಾ ಒಂದು ನಿಮಿಷ ಎಣಿಸಿದ್ರು. 50. ಆಮ್ಯಾಲ ವರಾಂಡದಾಗ ಎರಡು ಸುತ್ತು ಮೆಲ್ಲಕ ನಡಿಸಿ ಮತ್ತ ಎಣಿಸಿದ್ರು, 82. "ನೋಡ್ರಿ, ಬೇಕಾದಾಗ ಏರ್ಲಾಕತ್ತದ. ಡೆಂಗಿ ಇಳಿಯೋ ಹೊತ್ತಿಗೆ ನಾಡಿ ನಿಧಾನ ಆಗೋದು ಭಾಳ ಮಂದಿಗೆ ಆಗ್ತದ, ತಾನೇ ಸರಿ ಹೋಗ್ತದ." ಟ್ರೋಪೋನಿನ್ ಅಂತ ಒಂದು ರಕ್ತ ತಪಾಸಣಿ, ಹೃದಯದ ಸ್ನಾಯುಗೆ ಪೆಟ್ಟಾದ್ರ ಏರ್ತದಂತ, ಅದು ನಾರ್ಮಲ್. ಇಸಿಜಿದಾಗ ನಿಧಾನ ಅನ್ನೋದು ಬಿಟ್ರ ಏನಿಲ್ಲ.

"ಸಾಹೇಬ್ರ, ಎಂಆರ್‌ಐ?" ಅಂತ ನಾ ಕೇಳೇಬಿಟ್ಟೆ. ಬೈತಾರಂತ ಮಾಡಿದ್ದೆ, ಕುಂದ್ರಿಸಿ ಹೇಳಿದ್ರು. ಎಂಆರ್‌ಐ ಮಷಿನ್ ದೊಡ್ಡ ಅಯಸ್ಕಾಂತ, ಎಕ್ಸ್‌ರೇ ಕಿರಣ ಇಲ್ಲ, ಮುಕ್ಕಾಲು ತಾಸು ಒಳಗ ಮಲಗಿ ಹೇಳಿದಾಗೆಲ್ಲ ಉಸಿರು ಹಿಡೀಬೇಕು. ಸ್ನಾಯುದಾಗ ನೀರು ತುಂಬಿ ಬಾತಿದ್ರ ಒಂದು ಥರದ ಚಿತ್ರದಾಗ ಕಾಣ್ತದ. ಆಮ್ಯಾಲ ಗ್ಯಾಡೋಲಿನಿಯಂ ಅಂತ ಔಷಧ ನರಕ್ಕ ಬಿಡ್ತಾರ, ಪೆಟ್ಟಾದ ಜಾಗದಾಗ ಅದು ನಿಂತ್ಕೊಂಡು ಬೆಳ್ಳಗ ಹೊಳಿತದ. ಹಾರ್ಟ್ ಅಟ್ಯಾಕ್ ಗಾಯ ಒಳಗಿನ ಪದರದಿಂದ ಶುರು ಆಗ್ತದ, ವೈರಸ್ ಗಾಯ ಬಹಳ ಸಲ ನಡುವಿನ ಇಲ್ಲಾ ಹೊರಗಿನ ಪದರದಾಗ ಇರ್ತದ, ಆ ಫರಕ್ ಹೇಳಲಾಕ ಇದರಂಥಾ ಸ್ಕ್ಯಾನ್ ಇನ್ನೊಂದಿಲ್ಲ ಅಂದ್ರು. ಎದಿ ನೋವು, ತಲಿ ಸುತ್ತಿ ಬೀಳೋದು, ಟ್ರೋಪೋನಿನ್ ಏರೋದು, ಎಕೋದಾಗ ಹಿಂಡೋ ಬಲ ಕಮ್ಮಿ, ಇವುಗಳಾಗ ಒಂದಿದ್ರ "ನಾನೇ ಕಳಸ್ತಿದ್ದೆ, ನೀವು ಬ್ಯಾಡ ಅಂದ್ರೂ" ಅಂದ್ರು. ಬಾವು ಪಕ್ಕಾ ಆದ್ರ ಮೂರರಿಂದ ಆರು ತಿಂಗಳು ಓಟ ಬಂದ್, ಭರ್ತಿ ಗಿರ್ತಿ ಮರಿಬೇಕು.

ನಮ್ಮ ಮಂದಿ ಹೆದರೋದು ತಪ್ಪು ಅಂತ ನಾ ಅನ್ನಲ್ಲ. 2020ರ ಮಾರ್ಚ್‌ದಾಗ ದೇಶದ ಮೊದಲನೇ ಕೊರೊನಾ ಸಾವು ಇದೇ ಕಲಬುರಗಿಯವ್ರೊಬ್ಬರದು. 2025ರಾಗ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿದಾಗ ಬಂದದ್ದೇ ಮೈಸೂರು ಜಯದೇವ ಮುಂದ ಹೆಂಥಾ ಪಾಳಿ ಹಚ್ಚಿದ್ರು ನೋಡಿರಿ. ನಮ್ಮಲ್ಲೂ ಈಗ 371 ಹಾಸಿಗಿ ಜಯದೇವ ಬಂದದ, ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಂ ಲೆಕ್ಕಕ್ಕ ಸರಿ ಹೊಂದಿಸ್ಯಾರ, ಛಲೋ ಆತು. ನನ್ನ ತಕ್ರಾರ ಹೆದರಿಕಿ ಮ್ಯಾಲ ಬೋರ್ಡ್ ಹಾಕಿ ಪ್ಯಾಕೇಜ್ ಮಾರೋವ್ರ ಮ್ಯಾಲ. ನಾಡಿ ಹಿಡಿಲಾಕ ಒಂದು ನಿಮಿಷ ಇಲ್ಲ, ಬೆಲ್ಟ್ ಮ್ಯಾಲ ಹತ್ತಸ್ಲಾಕ ಪಾಳಿ ಅದ. ಜ್ವರದ ಆಮ್ಯಾಲ ತಕ್ರಾರ ಇದ್ರ ಜಲ್ದಿ ಡಾಕ್ಟ್ರಿಗೆ ತೋರಸ್ರಿ, ಯಾವ ತಪಾಸಣಿ ಬೇಕು ಅಂತ ಅವ್ರು ಬರಕೊಡ್ಲಿ, ಕೌಂಟರ್ ಹುಡುಗ ಅಲ್ಲ.

ಹದಿನೈದು ದಿನಕ್ಕ ತಮ್ಮನ ನಾಡಿ 70ಕ್ಕ ಬಂತು. ಡಾಕ್ಟ್ರು ಮತ್ತೊಮ್ಮೆ ನೋಡಿ ಹೂಂ ಅಂದ ಮ್ಯಾಲ ಹೋದ ಸೋಮವಾರದಿಂದ ಸ್ಟೇಡಿಯಂಗೆ ಹೊಂಟಾನ, ಸದ್ಯಕ್ಕ ನಡಿಯೋದಷ್ಟೇ. ಫೈಲ್ ಅವ್ವನ ಟ್ರೆಜರಿದಾಗ ಸೀರಿ ನಡುವ ಅದ. ನಿನ್ನಿ ರಾತ್ರಿ ರೊಟ್ಟಿ ಬಡಕೋತ ಮೆಲ್ಲಕ ಕೇಳಿದ್ಳು, "ಅದೆಲ್ಲಾ ಖರೆ, ಆ ಟಿಆರ್ ಅಂಬೋದು ಹೋತಾ ಇಲ್ಲೇನೋ?"