ಪರಲೋಕ ಅಂದ್ರೆ ಸೈಟ್ ಹಂಚಿಕೆನಾ?

ಬೆಳಗಿನ ಆರಾಧನೆ ಮುಗಿಸಿ ಈಗಷ್ಟೇ ಬಂದೆ. ಸಿಟ್ಟಲ್ಲಿದ್ದೇನೆ. ನನ್ನನ್ನು ಬಲ್ಲವರಿಗೆ ಇದೇನೂ ಹೊಸದಲ್ಲ ಬಿಡಿ.

ಇವತ್ತಿನ ಪ್ರಸಂಗ ಪರಲೋಕದ ಬಗ್ಗೆ. ನಲವತ್ತು ನಿಮಿಷ. ಬಂಗಾರದ ಬೀದಿ, ಮುತ್ತಿನ ಬಾಗಿಲು, ಒಬ್ಬೊಬ್ಬರಿಗೂ ಒಂದೊಂದು ಬಂಗಲೆ. ಸೈಟ್ ಮಾರುವವರು ಕೂಡ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಕೊನೆಗೆ "ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ?" ಅಂತ ಗದರಿಕೆ ಬೇರೆ. ಆಮೇಲೆ ಹೊತ್ತಾಯಿತು ಅಂತ ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದನ್ನು, ಏಳೇ ನಿಮಿಷದಲ್ಲಿ ಮುಗಿಸಿದರು. ಹೌದು, ಗಡಿಯಾರ ನೋಡಿದೆ. ನನ್ನ ಭಕ್ತಿ ಎಷ್ಟು ಅಂತ ಅದರಲ್ಲೇ ಗೊತ್ತಾಗುತ್ತದೆ.

ಅಷ್ಟು ಹೊತ್ತು ಪರಲೋಕದ ಮಾತಾಡಿ, ಪರಲೋಕ ನಮ್ಮ ಕೈಗೆ ಸಿಗುವ ಒಂದು ಗಳಿಗೆಯನ್ನು ಓಡಿಸಿಬಿಟ್ಟರಲ್ಲ! ಅದೇ ನನ್ನ ಹೊಟ್ಟೆಯುರಿ.

ಭೋಜನಕ್ಕೆ ಮುಂಚೆ "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಅನ್ನುತ್ತೇವಲ್ಲ, ಅದು ನಮ್ಮ ಹಾಡೇ ಅಲ್ಲ. ಬೈಬಲಿನ ಯೆಶಾಯ ಪುಸ್ತಕದ 6ನೇ ಅಧ್ಯಾಯದಲ್ಲಿ ಸೆರಾಫಿಯರು ಅನ್ನುವ ದೇವದೂತರು ಕೂಗಿದ್ದು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 4ನೇ ಅಧ್ಯಾಯದಲ್ಲಿ ಹಗಲೂ ರಾತ್ರಿ ಬಿಡದೆ ನಡೆಯುತ್ತಿರುವುದು. "ದೇವದೂತರ ಸಂಗಡ" ಅಂತ ಹೇಳಿ ನಾವು ಶುರು ಮಾಡುತ್ತೇವೆ. ಶುರು ಅಂದೆನಾ? ತಪ್ಪು. ಆಗಲೇ ನಡೆಯುತ್ತಿರುವ ಹಾಡಿಗೆ ತಡವಾಗಿ ಬಂದು ದನಿ ಸೇರಿಸುತ್ತೇವೆ. ಇದು ತಲೆಗೆ ಹೋದವರು ಅದನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಾರಾ?

ಆ ರೊಟ್ಟಿ, ಆ ಪಾತ್ರೆ ಎಲ್ಲಿಯ ತನಕ ಅಂದರೆ "ಆತನು ಬರುವ ತನಕ" ಅಂತಾನೆ ಅಪೊಸ್ತಲ ಪೌಲ, ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ. ಬರುವವನು ಆತನು, ಯೇಸು. ಮೊದಲ ಸಭೆಗಳ ಪ್ರಾರ್ಥನೆಯೂ ಅದೇ: ಮಾರನಾಥ, ಕರ್ತನೇ ಬಾ. ಅರಮಾಯ ಮಾತದು, ಗ್ರೀಕಿನಲ್ಲಿ ಪತ್ರ ಬರೆಯುವಾಗಲೂ ಪೌಲ ಅದನ್ನು ಹಾಗೇ ಇಟ್ಟ. ಹಿಂದಿನ ಕ್ರೈಸ್ತರು ಪ್ರಾರ್ಥನೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಬರುವವನ ದಾರಿ ನೋಡುವವರು ಬಾಗಿಲ ಕಡೆ ತಿರುಗುವುದಿಲ್ಲವೇ, ಹಾಗೆ. ನಾವೋ, ನಮ್ಮ ಟಿಕೆಟ್ ಇದೆಯಾ ಅಂತ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಪರಲೋಕ ಟಿಕೆಟ್ ಆದಾಗ ಆರಾಧನೆ ಬರೀ ತಪಾಸಣೆ ಆಗುತ್ತದೆ. ಹಾಡಿನ ತುಂಬಾ ನಾನು, ನನಗೆ, ನನ್ನದು.

ಪ್ರಕಟನೆಯ ಕೊನೆಯ ಎರಡು ಅಧ್ಯಾಯ ಓದಿ ನೋಡಿ. ಅಲ್ಲಿ ಯಾರೂ ಮೇಲಕ್ಕೆ ಹಾರುವುದಿಲ್ಲ. ಪಟ್ಟಣವೇ ಇಳಿದು ಬರುತ್ತದೆ. ದೇವರು ಮನುಷ್ಯರ ಜೊತೆ ವಾಸಕ್ಕೆ ಬರುತ್ತಾನೆ. ಹಾಗಾಗಿ ದೇವಾಲಯವೇ ಇಲ್ಲ. ಮರದ ಎಲೆಗಳು ಜನಾಂಗಗಳನ್ನು ವಾಸಿ ಮಾಡುವುದಕ್ಕೆ. ಬಂಗಾರದ ಬೀದಿಯೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಂಗಾರ ಅಲ್ಲಿ ಕಾಲ ಕೆಳಗಿದೆ!

"ಪರಲೋಕ ಅಂತ ಕೂತರೆ ಭೂಮಿ ಮರೆತುಹೋಗುತ್ತದೆ, ಮಾರ್ಕ್ಸ್ ಅಫೀಮು ಅಂದಿಲ್ವಾ?" ಅಂತ ನನ್ನೊಬ್ಬ ಗೆಳೆಯ ಖಂಡಿತ ಕೇಳುತ್ತಾನೆ. ಕೇಳಲಿ. ಅಮೆರಿಕದ ಗುಲಾಮರು ಕಾನಾನ್ ದೇಶದ ಬಗ್ಗೆ, ಬೈಬಲಿನಲ್ಲಿ ದೇವರು ಕೊಡುತ್ತೇನೆ ಅಂದ ಆ ನಾಡಿನ ಬಗ್ಗೆ, ಹಾಡುತ್ತಿದ್ದರು. ಹಾಗೆ ಹಾಡಿ, ಕೊನೆಗೆ ತಪ್ಪಿಸಿಕೊಂಡು ಓಡಿಹೋದ ಫ್ರೆಡ್ರಿಕ್ ಡಗ್ಲಸ್, ನಮಗೆ ಕಾನಾನ್ ಅಂದರೆ ಗುಲಾಮಗಿರಿ ಇಲ್ಲದ ಉತ್ತರದ ಸೀಮೆಯೇ ಆಗಿತ್ತು ಅಂತ ಬರೆದಿದ್ದಾನೆ. ಅಫೀಮು ತಿಂದವರು ಓಡುವುದಿಲ್ಲ ಕಣಪ್ಪ.

ಒಂದು ನಿಜ ಹೇಳಿಬಿಡುತ್ತೇನೆ. ಅಮ್ಮನನ್ನು ಮಣ್ಣು ಮಾಡಿದ ದಿನ ನನಗೆ ಈ ವಾದ ಯಾವುದೂ ಬೇಕಿರಲಿಲ್ಲ. "ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ" ಅನ್ನುವ ಯೇಸುವಿನ ಒಂದು ಸಾಲು, ಯೋಹಾನ 14ರದ್ದು, ಸಾಕಿತ್ತು. ಅವತ್ತು ಯಾರಾದರೂ ಬಂಗಲೆ ಅಂದಿದ್ದರೂ ಸುಮ್ನೆ ತಲೆಯಾಡಿಸುತ್ತಿದ್ದೆ. ಅಮ್ಮನಿಗೆ ಒಂದು ಜಾಗ ಇದ್ದರೆ ಸಾಕು ಅನ್ನಿಸಿತ್ತು. ಎಷ್ಟೋ ದಿನ ಆದಮೇಲೆ ಗೊತ್ತಾಯಿತು: ಆ "ಬಿಡಾರ"ಕ್ಕೆ ಇರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಒಂದು ಕಡೆ ಬರುತ್ತದೆ. ಅದೇ ಅಧ್ಯಾಯದ 23ನೇ ವಚನದಲ್ಲಿ. ಅಲ್ಲಿ ಬಿಡಾರ ಹೂಡುವುದಕ್ಕೆ ತಂದೆ ಮತ್ತು ಮಗ ನಮ್ಮ ಹತ್ತಿರ ಬರುತ್ತಾರೆ. ಮತ್ತೆ ನೋಡಿ, ಬರುವುದೇ.

ಇದನ್ನೆಲ್ಲ ಪಾಸ್ಟರ್‌ಗೆ ಹೇಳಿದೆಯಾ ಅಂತ ಕೇಳಬೇಡಿ. ಬಾಗಿಲಲ್ಲಿ ಕೈಕುಲುಕಿ "ಒಳ್ಳೆ ಪ್ರಸಂಗ ಅಯ್ಯಾ" ಅಂದು ಬಂದೆ.