ನಾನೇ ಧಣಿ, ನಾನೇ ಆಳು

ಅಮೆರಿಕದಲ್ಲಿ ನನ್ನದೊಂದು ಕಂಪನಿ ಇದೆ. ನೌಕರ ಒಬ್ಬನೇ, ಅದೂ ನಾನೇ. ನನ್ನಂಥವರಿಗೆಂದೇ ಸೋಲೋ 401(ಕೆ) ಅನ್ನೋ ನಿವೃತ್ತಿ ಉಳಿತಾಯದ ಯೋಜನೆ ಇದೆ. ಧಣಿಯಾಗಿ ಒಂದಿಷ್ಟು ಹಾಕುತ್ತೇನೆ, ಆಳಾಗಿ ಒಂದಿಷ್ಟು ಹಾಕುತ್ತೇನೆ. ಟ್ರಸ್ಟಿ ಯಾರು ಅಂತ ಕೇಳಬೇಡಿ, ಕನ್ನಡಿ ತೋರಿಸಬೇಕಾಗುತ್ತದೆ.

2017ರ ಡಿಸೆಂಬರ್ ಕೊನೆಗೆ ಖಾತೆ ಎರಡೂವರೆ ಲಕ್ಷ ಡಾಲರ್ ದಾಟಿತು. ನನ್ನ ಜಾಣತನವೇನಲ್ಲ, ಷೇರುಪೇಟೆ ಏರಿತ್ತು ಅಷ್ಟೆ. ಆದರೂ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಆ ಸುದ್ದಿಯನ್ನೂ ನಾಲ್ಕು ಮನೆಗೆ ಹಂಚಿ ಬಂದೆ. ತೆರಿಗೆ ಇಲಾಖೆಗೆ ಮಾತ್ರ ಹೇಳಲಿಲ್ಲ.

ಆ ಗಡಿ ದಾಟಿದರೆ ಪ್ರತಿ ವರ್ಷ ಜುಲೈ 31ರೊಳಗೆ 5500-ಇಝಡ್ ಅನ್ನೋ ಫಾರಂ ಕೊಡಬೇಕಂತೆ. ಕಟ್ಟಬೇಕಾದ ತೆರಿಗೆ ಒಂದು ಸೆಂಟೂ ಇಲ್ಲ. ಸುಮ್ನೆ ಇಷ್ಟು ದುಡ್ಡಿದೆ ಅಂತ ತಿಳಿಸೋದು.

ಇದು ಗೊತ್ತಾಗಿದ್ದು 2021ರ ಫೆಬ್ರವರಿ 16ರ ರಾತ್ರಿ, ಬೇರೇನೋ ಹುಡುಕುವಾಗ. ಅಷ್ಟರಲ್ಲಿ ಮೂರು ಫಾರಂ ಬಾಕಿ. ಮೊದಲು ದಿನಕ್ಕೆ 25 ಡಾಲರ್ ದಂಡವಿತ್ತು. 2019ರಲ್ಲಿ ಬಂದ ಕಾನೂನು ಅದನ್ನು 250 ಮಾಡಿದೆ, ಒಂದು ಫಾರಂಗೆ ಒಂದೂವರೆ ಲಕ್ಷ ಡಾಲರ್‌ವರೆಗೂ. ಕೊನೆಯ ಫಾರಂ ಒಂದಕ್ಕೇ ಬೆರಳು ಮಡಚಿ ಎಣಿಸಿದೆ. ಸರಿಯಾಗಿ 200 ದಿನ. 50,000 ಡಾಲರ್! ಕುಡಿಯುತ್ತಿದ್ದ ಕಾಫಿ ಗಂಟಲಲ್ಲೇ ನಿಂತಿತು.

ಹಾಸನದಿಂದ ಅಮ್ಮ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ. "ನಿನ್ ದುಡ್ಡು ಎಷ್ಟಿದೆ ಅಂತ ಹೇಳ್ದೆ ಇದ್ದಿದ್ದಕ್ಕೆ ದಂಡಾನಾ? ನಿಮ್ಮಪ್ಪ ನಂಗೇ ಹೇಳ್ದೆ ಮೂವತ್ತು ವರ್ಷ ಸಂಸಾರ ಮಾಡಿದ್ರಲ್ಲೋ!"

ಪುಣ್ಯಕ್ಕೆ ತಡವಾದವರಿಗೂ ಒಂದು ದಾರಿ ಇಟ್ಟಿದ್ದಾರೆ. ದಂಡದ ನೋಟಿಸ್ ಬರೋಕೆ ಮುಂಚೆ ನಾವಾಗಿಯೇ ತಪ್ಪು ಒಪ್ಪಿಕೊಂಡರೆ ಫಾರಂಗೆ 500 ಡಾಲರ್, ಒಂದು ಯೋಜನೆಗೆ ಹೆಚ್ಚೆಂದರೆ 1,500. ಆದರೆ ಎಲ್ಲಾ ಕಾಗದದಲ್ಲೇ ಕಳಿಸಬೇಕು. ಮಜಾ ಏನಂದರೆ, ಹಳೆಯ ಫಾರಂಗಳ ನೆತ್ತಿಯ ಮೇಲೆ 'ಇದು ತಡವಾದ ರಿಟರ್ನ್' ಅಂತ ಕೆಂಪಕ್ಷರದಲ್ಲಿ ನಾವೇ ಬರೆಯಬೇಕು. ಕೆಂಪು ಪೆನ್ನು ಅಂದರೆ ನನಗೆ ನೆನಪಿರೋದು ಗಣಿತದ ಮೇಷ್ಟ್ರ ಕೈಯಲ್ಲಿದ್ದದ್ದು. ಮನೆಯೆಲ್ಲ ಜಾಲಾಡಿ, ಕೊನೆಗೆ ಮಗಳ ಪೌಚಿನಿಂದ ಒಂದನ್ನು ಕದ್ದೆ. ಅದರಿಂದ ಸ್ಟ್ರಾಬೆರಿ ವಾಸನೆ ಬರುತ್ತಿತ್ತು. ಘಮಘಮಿಸುವ ತಪ್ಪೊಪ್ಪಿಗೆಯ ಜೊತೆ 1,500 ಡಾಲರ್ ಚೆಕ್ ಇಟ್ಟು ಯೂಟಾದ ಆಗ್ಡನ್‌ಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದೆ.

ಮನೆಗೆ ಬಂದರೆ ನನ್ನವಳು ಅದೇ ಪೆನ್ನು ಹಿಡಿದು, ಫ್ರಿಜ್ ಪಕ್ಕದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಜುಲೈ 31ಕ್ಕೆ ಸುತ್ತು ಹಾಕುತ್ತಿದ್ದಳು.

"ಶನಿವಾರ ಬಂದಿದೆ ಕಣೇ. ರಜಾ ದಿನ ಬಂದ್ರೆ ಸೋಮವಾರದ ತನಕ ಟೈಮ್ ಇರುತ್ತೆ," ಎಂದೆ.

ಅವಳು ಪೆನ್ನಿನ ಮುಚ್ಚಳ ಹಾಕದೆ ನನ್ನನ್ನೇ ನೋಡಿದಳು.